ತೆರೆಯ ಹಿಂದಿನ ಆರ್ಭಟ



ಕೂತಲ್ಲೇ ಹೆದರಿಸುವ, ಕೂತಲ್ಲೇ ಹೆದರುವ ಒಂದು ಆಟದ ಕತೆಯನ್ನು ಇವತ್ತು ಹೇಳುತ್ತೇನೆ. ಬೈಂದೂರು, ಶಿರೂರು, ಉಪ್ಪುಂದದ ಕಡೆಯಿಂದ ಬೆಂಗಳೂರಿಗೆ ಓದುವುದಕ್ಕೋ ಕೆಲಸಕ್ಕೋ ಹೋದ ಮಕ್ಕಳು ರಜೆಗೆ ಊರಿಗೆ ಬರುವಾಗ ಚೀಲದಲ್ಲಿ ಇಪ್ಪತ್ತು ಮುಖದ ದಾಳವನ್ನೂ ತರುವ ಕಾಲ ಇದು. ಐದಾರು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿದು ಮಾತಾಡುತ್ತಾರೆ. ವೇಷವಿಲ್ಲ, ರಂಗಸ್ಥಳವಿಲ್ಲ. ಮನೆಯ ಅಜ್ಜಿ ಇದನ್ನು ಕಂಡು, 'ಎಂತ ಮಕ್ಳೆ, ತಾಳಮದ್ದಳೆಯಾ?' ಎಂದು ಕೇಳಿದರೆ ಮಕ್ಕಳು ನಗಬಹುದು. ಅಜ್ಜಿ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮೊದಲು ದೂರದ ಕತೆಯನ್ನು ಮುಗಿಸಿಬಿಡೋಣ. ಹಳೆಯ ಕೋಟೆ, ನೆಲಮಾಳಿಗೆ, ವಂಶಕ್ಕೆ ಅಂಟಿದ ಪಾಪ, ರಾತ್ರಿಯಲ್ಲಿ ಎದ್ದು ಬರುವ ಹಳಬರು, ಇವನ್ನೆಲ್ಲ ಕೂಡಿಸಿದ ಗಾಥಿಕ್ ಕಾದಂಬರಿ ಇಂಗ್ಲೆಂಡಿನಲ್ಲಿ ಶುರುವಾದದ್ದು 1764ರಲ್ಲಿ, ಹೊರೇಸ್ ವಾಲ್ಪೋಲ್ ಬರೆದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ'ದಿಂದ. ಮದುವೆಯ ದಿನ ಮದುಮಗನ ಮೇಲೆ ಎಲ್ಲಿಂದಲೋ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಅವನು ಅಪ್ಪಚ್ಚಿಯಾಗುವುದರಿಂದ ಆ ಕತೆ ಹೊರಡುತ್ತದೆ. ನಮ್ಮ ಯಕ್ಷಗಾನದ ರಾಕ್ಷಸರ ಬಣ್ಣದ ವೇಷದ ಮುಡಿ ಕಂಡವರಿಗೆ ಅದು ತೀರಾ ಅಸಾಧ್ಯ ಅನ್ನಿಸಲಿಕ್ಕಿಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಮಳೆಯಲ್ಲಿ ಜಿನೀವಾ ಸರೋವರದ ದಡದ ಒಂದು ಮನೆಯೊಳಗೆ ಸಿಕ್ಕಿಬಿದ್ದ ಬೈರನ್ ಕವಿ, ಎಲ್ಲರೂ ಒಂದೊಂದು ದೆವ್ವದ ಕತೆ ಬರೆಯೋಣ ಎಂದ. ಹದಿನೆಂಟರ ಹರೆಯದ ಮೇರಿ ಶೆಲ್ಲಿ ಬರೆದದ್ದು 1818ರಲ್ಲಿ 'ಫ್ರಾಂಕನ್‌ಸ್ಟೈನ್' ಆಗಿ ಬಂತು. ಬೈರನ್ನನ ಜೊತೆಗಿದ್ದ ವೈದ್ಯ ಪೋಲಿಡೋರಿ ಬರೆದ ರಕ್ತಪಿಶಾಚಿಯ ಕತೆ 1819ರಲ್ಲಿ ಅಚ್ಚಾಯಿತು. ಡ್ರಾಕುಲಾ ಬರುವುದು ಆಮೇಲೆ, 1897ರಲ್ಲಿ. ಮಳೆ ಹಿಡಿದಾಗ ಹೊರಗೆ ಹೋಗಲಾರದವರು ಒಳಗೆ ಕೂತು ಒಬ್ಬರನ್ನೊಬ್ಬರು ಹೆದರಿಸಿಕೊಳ್ಳುವುದು ಕರಾವಳಿಯವರಿಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ.

ದಾಳದ ಆಟ ಹುಟ್ಟಿದ್ದು ಇನ್ನೊಂದು ಜಿನೀವಾದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದರು. ಆರಂಭದಲ್ಲಿ ಅದು ಹೆಚ್ಚಾಗಿ ಯುದ್ಧ ಮತ್ತು ನಿಧಿಯ ಆಟ. ನೆಲಮಾಳಿಗೆಗೆ ಇಳಿಯುವುದು, ಎದುರಾದದ್ದನ್ನು ಹೊಡೆಯುವುದು, ಚಿನ್ನ ತರುವುದು. ಟ್ರೇಸಿ ಹಿಕ್‌ಮನ್ ಎಂಬಾತ ಅಂಥದ್ದೊಂದು ಆಟದಲ್ಲಿದ್ದಾಗ ಒಂದು ಕೋಣೆಯಲ್ಲಿ ರಕ್ತಪಿಶಾಚಿ ಎದುರಾಯಿತಂತೆ, ಉಳಿದ ಪ್ರಾಣಿಗಳ ನಡುವೆ, ಯಾವ ಕಾರಣವೂ ಇಲ್ಲದೆ. ಇದು ಇಲ್ಲಿ ಯಾಕೆ ನಿಂತಿದೆ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಅವನೂ ಹೆಂಡತಿ ಲಾರಾಳೂ ಸೇರಿ ಆ ಪಿಶಾಚಿಗೊಂದು ಕೋಟೆ, ಒಂದು ಊರು, ಒಂದು ಹಳೆಯ ಪಾಪ ಕಟ್ಟಿಕೊಟ್ಟರು. ತಮ್ಮನ ಮದುಮಗಳನ್ನು ಬಯಸಿ ತಮ್ಮನನ್ನೇ ಕೊಂದ ಕೌಂಟ್ ಸ್ಟ್ರಾಡ್‌ನ ಕತೆ ಅದು. ವರ್ಷಕ್ಕೊಮ್ಮೆ ಹ್ಯಾಲೋವೀನ್ ರಾತ್ರಿ ಗೆಳೆಯರಿಗೆ ಆಡಿಸಿ ಆಡಿಸಿ ತಿದ್ದಿ, 1983ರಲ್ಲಿ 'ರೇವನ್‌ಲಾಫ್ಟ್' ಎಂಬ 32 ಪುಟದ ಪುಸ್ತಿಕೆ ತಂದರು. ಆಟದೊಳಗೆ ಒಬ್ಬ ಮುದುಕಿ ಇಸ್ಪೀಟೆಲೆ ಹಾಕಿ ಭವಿಷ್ಯ ಹೇಳುತ್ತಾಳೆ. ಕೋಟೆಯೊಳಗೆ ಯಾವುದು ಎಲ್ಲಿದೆ, ಕೌಂಟ್‌ಗೆ ಈ ಸಲ ಏನು ಬೇಕು ಎಂಬುದು ಆ ಎಲೆಗಳಿಂದ ನಿರ್ಧಾರವಾಗುತ್ತದೆ. ಕೋಟೆ ಅದೇ, ಖಳ ಅವನೇ, ನಡೆ ಮಾತ್ರ ಪ್ರತಿಸಲ ಬೇರೆ.

ಈ ಕಡೆ ಬರೋಣ. ನಮ್ಮಲ್ಲಿ ವೇಷವಿಲ್ಲದೆ ಕೂತು, ಪಾತ್ರವಾಗಿ ಮಾತಾಡುವ ತಾಳಮದ್ದಳೆಯ ಕಸುಬು ಹಳತು. ಬಳ್ಳಾರಿ ಜಿಲ್ಲೆಯ ಕುರುಗೋಡು ಬಳಿಯ ಲಕ್ಷ್ಮೀನಾರಾಯಣ ದೇವಸ್ಥಾನದ 1556ರ ಶಾಸನ ತಾಳಮದ್ದಳೆಗೆಂದು ಭೂಮಿ ಬಿಟ್ಟದ್ದನ್ನು ಹೇಳುತ್ತದೆ. ಹಳೆಯ ಯಕ್ಷಗಾನ ಪ್ರಸಂಗಗಳಲ್ಲಿ ಹೆಸರಾದ 'ವಿರಾಟಪರ್ವ'ವನ್ನು ಕಟ್ಟಿದ ವಿಷ್ಣು ಕವಿ ಅಜಪುರದವನು, ಅಂದರೆ ನಮ್ಮ ಬ್ರಹ್ಮಾವರದವನು. ಬೇಸಿಗೆಯ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಆಸಾಡಿಯ ಮಳೆಯಲ್ಲಿ ಬಯಲಾಟಕ್ಕೆ ಬಯಲೇ ಇಲ್ಲದಾದಾಗ, ಪ್ರಸಂಗ ಮನೆಯ ಚಾವಡಿಗೂ ದೇವಸ್ಥಾನದ ಪೌಳಿಗೂ ಬಂದು ಕೂರುತ್ತಿತ್ತು. ನವರಾತ್ರಿಯ ಹೂವಿನಕೋಲು ಇನ್ನೂ ಸಣ್ಣದು: ಹಾಡುವ ಒಬ್ಬ ಭಾಗವತ, ಮದ್ದಳೆಯವ, ಹೂ ಕಟ್ಟಿದ ಕೋಲು ಹಿಡಿದು ಎದುರುಬದುರು ಕೂತ ಇಬ್ಬರು ಮಕ್ಕಳು. ಮನೆಯಿಂದ ಮನೆಗೆ ಹೋಗಿ ಪ್ರಸಂಗದ ಒಂದು ತುಣುಕು ಆಡಿ ಮುಗಿಸುವುದು. ಕುಂದಾಪುರ ಸೀಮೆಯಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಗಿತ್ತು. ತೆಕ್ಕಟ್ಟೆಯ ಕೊಮೆಯ ಯಶಸ್ವೀ ಕಲಾವೃಂದದಂಥವರು ಮತ್ತೆ ಹೊರಡಿಸಿದ್ದಾರೆ.

ತಾಳಮದ್ದಳೆಯಲ್ಲಿ ಭಾಗವತರ ಕೆಲಸವನ್ನು ಗಮನಿಸಿ. ಪದ್ಯ ಮೊದಲೇ ಇದೆ, ಅರ್ಥ, ಅಂದರೆ ಪಾತ್ರದ ಮಾತು, ಇಲ್ಲ. ಅರ್ಥಧಾರಿ ಆಗಿಂದಾಗ ಹೇಳಬೇಕು, ಎದುರಿನವನು ಅದಕ್ಕೆ ಉತ್ತರ ಕೊಡಬೇಕು. ಭಾಗವತರು ಯಾವ ಪದ್ಯ ಹಿಡಿಯಬೇಕು, ಯಾವುದನ್ನು ಬಿಡಬೇಕು, ಯಾರ ಮಾತು ಬೆಳೆಯಲಿ, ಯಾರದು ಸಾಕು ಎಂದು ಲೆಕ್ಕ ಹಾಕುತ್ತಿರುತ್ತಾರೆ. ಮಾತು ದಾರಿ ತಪ್ಪಿತೋ, ಮುಂದಿನ ಪದ್ಯ ಎತ್ತಿಬಿಟ್ಟರೆ ಆಯಿತು. ಭಾಗವತರು ತಾವೇ ರಾಕ್ಷಸನ ಅರ್ಥ ಹೇಳಲು ಹೊರಡುವುದಿಲ್ಲ. ದಾಳದ ಮೇಜಿನಲ್ಲಿ ಭಯದ ಆಟ ನಡೆಸುವ ಹೊಸಬರು ಎಡವುವುದು ಇಲ್ಲೇ. ಕೋಟೆಯ ಗೋಡೆ, ಜೇಡರ ಬಲೆ, ಗುಡುಗು, ಬಾವಲಿ ಎಂದು ಅರ್ಧ ಗಂಟೆ ತಾವೇ ವರ್ಣಿಸುತ್ತಾರೆ. ಕೇಳುವವರು ಫೋನು ತೆಗೆಯುತ್ತಾರೆ. ಹೆದರಿಕೆ ಹುಟ್ಟುವುದು ವರ್ಣನೆಯಲ್ಲಲ್ಲ, 'ಈಗ ನೀನು ಏನು ಮಾಡುತ್ತಿ?' ಎಂಬ ಪ್ರಶ್ನೆಯಲ್ಲಿ.

ಮತ್ತೆ ಖಳ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು ಇನ್ನೂ ಇದ್ದಾರೆ. ವಾಲಿ ಬಾಣ ತಿಂದು ಬಿದ್ದಮೇಲೆ ರಾಮನ ಮುಂದಿಡುವ ಪ್ರಶ್ನೆಗಳಿಗೆ ಸಭೆಯೇ ಇಕ್ಕಟ್ಟಿಗೆ ಸಿಲುಕುತ್ತಿತ್ತು. ಸೋಲು ಮೊದಲೇ ಬರೆದಿಟ್ಟದ್ದು, ಆದರೆ ವಾದದಲ್ಲಿ ಸೋಲಬೇಕೆಂದೇನಿಲ್ಲ. ಹಿಕ್‌ಮನ್ ದಂಪತಿ ವರ್ಷಗಳ ಕಾಲ ಹುಡುಕಿದ್ದೂ ಇದನ್ನೇ: ಖಳನಿಗೆ ತನ್ನದೇ ಆದ ನ್ಯಾಯವೊಂದಿರಬೇಕು, ಅದನ್ನು ಹೇಳಲು ಅವನಿಗೆ ಅವಕಾಶ ಸಿಗಬೇಕು.

ಬಯಲಾಟದ ಬಣ್ಣದ ವೇಷ ಇನ್ನೊಂದು ಪಾಠ ಹೇಳುತ್ತದೆ. ಕೋಟದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ವೇಷಗಳ ಹಳೆಯ ಗಾಂಭೀರ್ಯ ಕಳೆದುಹೋಗುತ್ತಿದೆ ಎಂಬ ಸಂಕಟ ಕಾರಂತರದ್ದು. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ರಾಕ್ಷಸ ನೇರವಾಗಿ ಬಂದು ನಿಲ್ಲುವುದಿಲ್ಲ. ಮೊದಲು ಬರುವುದು ಆರ್ಭಟ. ಆಮೇಲೆ ಇಬ್ಬರು ಹಿಡಿದ ತೆರೆ, ಅದರ ಮೇಲೆ ಮುಡಿಯ ತುದಿ, ಕೆಳಗೆ ಕಾಲಗೆಜ್ಜೆ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಬೆಂಕಿ, ಮತ್ತೆ ಕತ್ತಲೆ. ತೆರೆಯ ಹಿಂದೆಯೇ ರಾಕ್ಷಸ ಸ್ನಾನ ಮಾಡುತ್ತಾನೆ, ಪೂಜೆ ಮಾಡುತ್ತಾನೆ, ಮೈ ಸಿಂಗರಿಸಿಕೊಳ್ಳುತ್ತಾನೆ. ನಗು ಬರುತ್ತದೆ, ನಗುವಾಗಲೇ ಹೆದರಿಕೆಯೂ ಆಗುತ್ತದೆ. ತೆರೆ ಸರಿಯುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಮಡಿಲಲ್ಲಿ. ಈಗ ಕಾಲಮಿತಿಯ ಆಟದಲ್ಲಿ ಮೊದಲು ಚುಟುಕಾಗುವುದು ಇದೇ ಒಡ್ಡೋಲಗ. ನನ್ನ ಮಟ್ಟಿಗೆ ಅದು ಅನ್ಯಾಯ. ಸಮಯ ಉಳಿಸಬೇಕೆಂದರೆ ಹಾಸ್ಯದಲ್ಲಿ ಉಳಿಸಲಿ.

ಹಾಗಾದರೆ ಊರಿನ ಮಕ್ಕಳು ಸ್ಟ್ರಾಡ್‌ನ ಕೋಟೆ ಬಿಟ್ಟು ಇಲ್ಲಿಯದೇ ಏನನ್ನು ಆಡಬಹುದು? ಮೊದಲು ಬೇಡವಾದದ್ದನ್ನು ಹೇಳುತ್ತೇನೆ. ಹಾಯ್ಗುಳಿ, ಬೊಬ್ಬರ್ಯ, ಪಂಜುರ್ಲಿಯಂಥ ದೈವಗಳನ್ನು ದಾಳದ ಮೇಜಿಗೆ ಭೂತದ ಲೆಕ್ಕದಲ್ಲಿ ತರುವುದು ಬೇಡ. ಕೆರಾಡಿಯ ರಿಷಬ್ ಶೆಟ್ಟರ 'ಕಾಂತಾರ' ಸಿನಿಮಾ 2022ರಲ್ಲಿ ಬಂದಮೇಲೆ ಅದರಲ್ಲಿನ ದೈವದ ಕೂಗನ್ನು ಕಂಡಕಂಡಲ್ಲಿ ಅನುಕರಿಸುವ ಹುಚ್ಚು ಹತ್ತಿ, ದೈವ ನರ್ತಕರೇ ಬೇಸರಪಟ್ಟದ್ದು ನಿಮಗೆ ಗೊತ್ತು. ದೈವ ಇಲ್ಲಿ ನಂಬಿಕೆಯ ಸಂಗತಿ, ಹೆದರಿಸುವ ಬೊಂಬೆಯಲ್ಲ. ಪ್ರಸಂಗದ ರಾಕ್ಷಸರಾದರೆ ಮೊದಲಿಂದಲೂ ಆಟಕ್ಕೆಂದೇ ಇದ್ದವರು.

ನನ್ನ ಆಯ್ಕೆ ಪಾತಾಳದ ರಾಕ್ಷಸ ಮೈರಾವಣನ ಪ್ರಸಂಗ, ಮೈರಾವಣ ಕಾಳಗ. ಇದಕ್ಕಿಂತ ಒಳ್ಳೆಯ ಗಾಥಿಕ್ ಕತೆ ಇಂಗ್ಲೆಂಡಿನಲ್ಲೂ ಹುಟ್ಟಿಲ್ಲ ಎಂದು ನಾನು ವಾದಿಸಬಲ್ಲೆ. ಹನುಮಂತ ಬಾಲವನ್ನೇ ಕೋಟೆಯಾಗಿ ಸುತ್ತಿ ರಾಮಲಕ್ಷ್ಮಣರನ್ನು ಒಳಗೆ ಮಲಗಿಸಿ ಕಾವಲಿದ್ದಾನೆ. ರಾತ್ರಿಯಲ್ಲಿ ವಿಭೀಷಣ ಬಂದು ಒಳಗೆ ಬಿಡು ಎನ್ನುತ್ತಾನೆ. ಅವನು ವಿಭೀಷಣನಲ್ಲ. ಬೆಳಗಾಗುವಾಗ ಅಣ್ಣತಮ್ಮಂದಿರು ಪಾತಾಳದಲ್ಲಿ, ಕಾಳಿಯ ಗುಡಿಯಲ್ಲಿ ಬಲಿಗೆ ಸಿದ್ಧ. ಹನುಮಂತ ಇಳಿದುಹೋದರೆ ಬಾಗಿಲು ಕಾಯುವವನು ಅವನಿಗೇ ಗೊತ್ತಿಲ್ಲದ ಅವನ ಮಗ. ಒಳಗೆ ಹೋಗಲು ನೆರವಾಗುವವಳು ಮೈರಾವಣನ ತಂಗಿ, ಅವಳ ಮಗನ ಕೊರಳಿಗೂ ಕತ್ತಿ ಬಂದಿದೆ. ಖಳನ ಜೀವ ಅವನ ಮೈಯಲ್ಲಿಲ್ಲ, ಬೇರೆಲ್ಲೋ ಅಡಗಿಸಿಟ್ಟ ದುಂಬಿಗಳಲ್ಲಿದೆ.

ಕತೆ ಎಲ್ಲರಿಗೂ ಗೊತ್ತಲ್ಲ, ಹೆದರಿಕೆ ಎಲ್ಲಿಂದ ಬರಬೇಕು ಎನ್ನುವವರಿಗೆ ಇಷ್ಟು ಹೇಳುತ್ತೇನೆ: ಬಂದವನು ಮೈರಾವಣ ಎಂದು ಸಭೆಗೆ ಗೊತ್ತಿದೆ, ಹನುಮಂತನಿಗೆ ಗೊತ್ತಿಲ್ಲ. ಅವನು ಬಾಲ ಸಡಿಲಿಸುವ ಆ ಗಳಿಗೆಗಾಗಿಯೇ ಜನ ಕೂತಿರುವುದು. ದಾಳದ ಆಟದಲ್ಲಿ ಮಾತ್ರ ಹನುಮಂತ ಬಾಗಿಲು ತೆಗೆಯದೆಯೂ ಇರಬಹುದು. ಆಟ ನಡೆಸುವವರು ಆಗ ಗಾಬರಿಯಾಗಿ 'ಇಲ್ಲ, ನೀನು ತೆಗೆಯಲೇಬೇಕು' ಎನ್ನಬಾರದು. ವಿಭೀಷಣ ಹೊರಗೇ ನಿಂತು ಮಾತಾಡಲಿ. ಒಳಗಿನವರು ಪರೀಕ್ಷೆಗೆಂದು ಏನಾದರೂ ಕೇಳಲಿ. ಅವನು ಸರಿಯಾಗಿಯೇ ಉತ್ತರ ಹೇಳಲಿ. ಆಮೇಲೆ ಬೀಡಿನ ಇನ್ನೊಂದು ಕಡೆಯಿಂದ ಇನ್ನೊಬ್ಬ ವಿಭೀಷಣ ಬಂದು ಅದೇ ಮಾತು ಹೇಳಲಿ.

ಕೂರುವ ಮೊದಲು ಒಂದು ಕೆಲಸ ಮಾಡಿಕೊಳ್ಳಿ. ಗುಂಪಿನಲ್ಲಿ ಯಾರಿಗೆ ಯಾವುದು ತಡೆಯದು ಎಂದು ಕೇಳಿಡಿ. ಮಕ್ಕಳ ಬಲಿ ಬೇಡವೆಂದರೆ ತಂಗಿಯ ಮಗನನ್ನು ಸೆರೆಯಲ್ಲಿಡಿ, ಕತ್ತಿ ಬೇಡ. ಪದ್ಯ ಬಿಡುವ ಅಧಿಕಾರ ಭಾಗವತರಿಗೆ ಯಾವತ್ತೂ ಇದೆ. ಇಸ್ಪೀಟಿನ ಐದು ಎಲೆ ತೆಗೆದು, ದುಂಬಿಗಳ ಪೆಟ್ಟಿಗೆ ಪಾತಾಳದಲ್ಲಿ ಎಲ್ಲಿದೆ ಎಂಬುದನ್ನು ಅದರಿಂದ ನಿರ್ಧರಿಸಿದರೆ, ಮುಂದಿನ ಆಸಾಡಿಗೆ ಇದೇ ಕತೆಯನ್ನು ಇದೇ ಜನರ ಜೊತೆ ಮತ್ತೆ ಆಡಬಹುದು. ಮೈರಾವಣನ ಪಾತ್ರವನ್ನು ಆಟ ನಡೆಸುವವರೇ ಇಟ್ಟುಕೊಳ್ಳಬೇಕೆಂದಿಲ್ಲ. ಗುಂಪಿನಲ್ಲಿ ಅತಿ ಹೆಚ್ಚು ಮಾತಾಡುವವರು ಯಾರೆಂದು ನೋಡಿ ಅವರಿಗೆ ಕೊಡಿ, ಅವರ ವಾದ ಕೇಳಿ.