ಎಚ್ಚರಿಕೆಯ ಕೂಗಿನ ಕೀಲಿಕೈ ಯಾರ ಬಳಿ ಇರಬೇಕು?

(ಗಿರಣಿ ಕಾರ್ಮಿಕರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಪಕ್ಷದ ಪರವಾಗಿ ಮಾಡಿದ ಭಾಷಣ)

2023ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಒಂದು ದಿನ ನಮ್ಮ ರಾಜ್ಯದ ಅಸಂಖ್ಯ ಮೊಬೈಲ್ ಫೋನುಗಳು ಒಮ್ಮೆಗೇ ಕಿರಿಚಿಕೊಂಡವು. ಅದು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ನಡೆಸಿದ ಪರೀಕ್ಷೆ. ಪ್ರವಾಹ, ಭೂಕಂಪ, ಚಂಡಮಾರುತಗಳು ಬಂದಾಗ ಜನರನ್ನು ಎಚ್ಚರಿಸುವ ಹೊಸ ಯಂತ್ರ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡುವುದು ಅದರ ಉದ್ದೇಶ. ಯಂತ್ರ ಕೆಲಸ ಮಾಡಿತು. ಜನ ಫೋನನ್ನು ಜೇಬಿಗೆ ಹಾಕಿಕೊಂಡು ಮರೆತರು. ನಾವು ಮರೆಯುವುದು ಬೇಡ. ಇದು ಎಂಜಿನಿಯರುಗಳಿಗೆ ಬಿಟ್ಟುಬಿಡಬಹುದಾದ ವಿಷಯವಲ್ಲ, ದುಡಿಯುವವರ ಜೀವದ ವಿಷಯ.

ಮೊದಲು ಯಂತ್ರವನ್ನು ತಿಳಿದುಕೊಳ್ಳೋಣ. ಹಿಂದೆ ಊರಿಗೆ ಆಪತ್ತು ಬಂದರೆ ಡಂಗುರ ಸಾರುತ್ತಿದ್ದರು. ಆಮೇಲೆ ಸೈರನ್ ಬಂತು, ರೇಡಿಯೋ ಬಂತು, ಫೋನು ಬಂತು. ಸಾಧಾರಣ ಎಸ್‌ಎಂಎಸ್ ಎಂಬುದು ಅಂಚೆಯವನ ಕೆಲಸದಂತೆ: ಒಂದೊಂದು ನಂಬರಿಗೂ ಒಂದೊಂದು ಕಾಗದ. ಜನಸಂದಣಿಯಾದರೆ ಕಾಗದ ತಡವಾಗುತ್ತದೆ. ಹೊಸ ಪದ್ಧತಿಗೆ ಸೆಲ್ ಬ್ರಾಡ್‌ಕಾಸ್ಟ್ ಎಂದು ಹೆಸರು. ಇದು ಗಿರಣಿಯ ಕೂಗಿನಂತೆ. ಟವರು ಒಮ್ಮೆ ಕೂಗಿದರೆ ಅದರ ಸರಹದ್ದಿನಲ್ಲಿರುವ ಫೋನುಗಳೆಲ್ಲ ಏಕಕಾಲಕ್ಕೆ ಕೇಳಿಸಿಕೊಳ್ಳುತ್ತವೆ. ಯಾರ ನಂಬರೂ ಬೇಕಿಲ್ಲ. ಜಾಲ ಕಿಕ್ಕಿರಿದರೂ ಅಡ್ಡಿಯಿಲ್ಲ.

ಇದರ ಜೊತೆಗೆ ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಎಂಬ ಒಂದು ಏಕರೂಪದ ಕ್ರಮ 2004ರಲ್ಲಿ ಬಂತು. ಯಾವ ಅಪಾಯ, ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ತೀವ್ರ, ಜನ ಏನು ಮಾಡಬೇಕು ಎಂಬಿಷ್ಟನ್ನು ಒಂದು ಸಲ ಬರೆದರೆ ಸಾಕು. ಅದೇ ಬರಹ ಫೋನಿಗೂ ರೇಡಿಯೋಗೂ ಟೆಲಿವಿಷನ್ನಿಗೂ ಬೀದಿಯ ಸೈರನ್ನಿಗೂ ಹೋಗುತ್ತದೆ. ನಮ್ಮ ದೇಶದ ‘ಸಚೇತ್’ ವ್ಯವಸ್ಥೆ ಈ ಕ್ರಮದ್ದು. ಅದನ್ನು ಕಟ್ಟಿದ್ದು ಸಿ-ಡಾಟ್ ಎಂಬ ಸರ್ಕಾರಿ ಸಂಸ್ಥೆ. ಸಾರ್ವಜನಿಕ ರಂಗದಿಂದ ಏನೂ ಆಗದು ಎನ್ನುವವರು ಇದನ್ನು ಗಮನಿಸಲಿ.

ಯಂತ್ರ ಒಳ್ಳೆಯದೇ. ಆದರೆ ಯಂತ್ರ ಕೂಗಿದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಎದ್ದ ಸುನಾಮಿ ತಮಿಳುನಾಡಿನ ತೀರ ಮುಟ್ಟಲು ಸುಮಾರು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಗಳಲ್ಲಿ ನಮ್ಮ ಕರಾವಳಿಯ ಜನರಿಗೆ ಹೇಳುವವರೇ ಇರಲಿಲ್ಲ. ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದರೆ ಪುದುಚೇರಿ ಬಳಿಯ ನಲ್ಲವಾಡು ಎಂಬ ಬೆಸ್ತರ ಹಳ್ಳಿ ಉಳಿಯಿತು. ಸಿಂಗಪುರದಲ್ಲಿದ್ದ ಆ ಊರಿನವನೊಬ್ಬ ಸುದ್ದಿ ತಿಳಿದು ಫೋನು ಮಾಡಿದ. ಊರಿನ ಮಾಹಿತಿ ಕೇಂದ್ರದಲ್ಲಿ ಮೀನುಗಾರರಿಗಾಗಿ ಇಟ್ಟಿದ್ದ ಧ್ವನಿವರ್ಧಕದಲ್ಲಿ ಜನ ಕೂಗಿ ಹೇಳಿದರು. ಮೂರು ಸಾವಿರಕ್ಕೂ ಹೆಚ್ಚು ಜನ ಬದುಕಿದರು. ಧ್ವನಿವರ್ಧಕ ಊರಿನವರ ಕೈಗೆ ಸಿಗುವಂತಿತ್ತು. ಕೂಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಗುಟ್ಟು ಇಷ್ಟೇ.

ಒಡಿಶಾ ಇದನ್ನೇ ದೊಡ್ಡದಾಗಿ ಮಾಡಿ ತೋರಿಸಿತು. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತಿದ್ದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿದರು. ಸಾವು ನೂರರ ಒಳಗೇ ನಿಂತಿತು. 2018ರಲ್ಲಿ ಕರಾವಳಿಯ 122 ಕಡೆ ಸೈರನ್ ಗೋಪುರಗಳು ಸಿದ್ಧವಾದವು. ಆದರೆ ಗೋಪುರಕ್ಕಿಂತ ಮೊದಲೇ ಆಶ್ರಯ ಕಟ್ಟಡಗಳಿದ್ದವು, ತರಬೇತಾದ ಸ್ವಯಂಸೇವಕರಿದ್ದರು. ಕೂಗು ಕೇಳಿದ ಬಡವನಿಗೆ ಎಲ್ಲಿಗೆ ಓಡಬೇಕೆಂಬುದು ಗೊತ್ತಿತ್ತು.

ಇನ್ನು ಕೂಗಿನ ಕೀಲಿಕೈ ಧಣಿಗಳ ಬಳಿ ಇದ್ದಾಗ ಏನಾಯಿತು, ನೋಡಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಹೊರಬಿತ್ತು. ಅಲ್ಲಿ ಕಾರ್ಖಾನೆಯ ಒಳಗಿನವರಿಗೊಂದು, ಹೊರಗಿನ ಊರಿಗೊಂದು ಸೈರನ್ ಇತ್ತು. ಊರಿನ ಸೈರನ್ ಸ್ವಲ್ಪ ಹೊತ್ತು ಕೂಗಿತು. ಆಮೇಲೆ ಅದನ್ನು ನಿಲ್ಲಿಸಿದರು. ಸಣ್ಣಪುಟ್ಟ ಸೋರಿಕೆಗೆ ಸುತ್ತಲಿನ ಜನ ಗಾಬರಿಯಾಗಬಾರದೆಂಬುದು ಅಲ್ಲಿನ ಪದ್ಧತಿ. ಅದು ಮತ್ತೆ ಕೂಗುವ ವೇಳೆಗೆ ಅನಿಲ ಗುಡಿಸಲುಗಳನ್ನು ಹೊಕ್ಕಾಗಿತ್ತು. ಸಾವಿರಾರು ಜನ ಸತ್ತರು. ಜನರ ನೆಮ್ಮದಿಯ ಹೆಸರಿನಲ್ಲಿ ಜನರ ಜೀವವನ್ನೇ ತೆಗೆದಂತಾಯಿತು.

ಅದು ಹಳೆಯ ಕಾಲ ಎನ್ನುವಿರಾ? ಹೊಸ ಕಾಲದ್ದನ್ನೂ ಕೇಳಿ. ಅಮೆರಿಕದಲ್ಲಿ 2012ರಿಂದಲೇ ಫೋನಿಗೆ ಎಚ್ಚರಿಕೆ ಕಳಿಸುವ ವ್ಯವಸ್ಥೆ ಇದೆ. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿ ಪ್ರಾಂತದ ಮೇಫೀಲ್ಡ್ ಊರಿನ ಮೇಲೆ ಸುಂಟರಗಾಳಿ ಬಂತು. ಎಚ್ಚರಿಕೆ ಮುಂಚಿತವಾಗಿಯೇ ಬಂದಿತ್ತು, ಸೈರನ್ನೂ ಕೂಗಿತ್ತು. ಅಲ್ಲೊಂದು ಮೇಣದಬತ್ತಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ನಡೆದಿತ್ತು. ಮನೆಗೆ ಹೋಗುತ್ತೇವೆಂದಾಗ, ಹೋದರೆ ಕೆಲಸ ಹೋಗುತ್ತದೆಂದು ಮೇಲಿನವರು ಹೆದರಿಸಿದರು ಎಂದು ಬದುಕುಳಿದ ಕಾರ್ಮಿಕರು ಹೇಳಿದರು. ಕಂಪನಿ ಅಲ್ಲಗಳೆಯಿತು. ಕಟ್ಟಡ ಕುಸಿದು ಎಂಟು ಮಂದಿ ಕಾರ್ಮಿಕರು ಸತ್ತದ್ದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು. ಕೂಗು ಕಿವಿಗೆ ಬಿದ್ದಿತ್ತು. ಕಾಲು ತೆಗೆಯುವ ಸ್ವಾತಂತ್ರ್ಯ ಇರಲಿಲ್ಲ.

ಬಂಧುಗಳೇ, ನಮ್ಮ ಪ್ರಶ್ನೆ ಇಲ್ಲಿದೆ. ಭೋಪಾಲದ ನಂತರ, 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಯಿತು. ಅಪಾಯ ಕಂಡ ಕಾರ್ಮಿಕ ಅದನ್ನು ಮಾಲೀಕನ ಗಮನಕ್ಕೆ ತರುವ ಹಕ್ಕು ಆಗ ಕಾಗದದ ಮೇಲೆ ಬಂತು. ಈಗ ಆ ಕಾಯಿದೆಯ ಸ್ಥಾನಕ್ಕೆ 2020ರ ಸಂಹಿತೆ ಬಂದಿದೆ. ಹೇಳುವ ಹಕ್ಕು ಸರಿ. ಆದರೆ ಕೂಗು ಕೇಳಿದ ಕೂಡಲೇ ಮಗ್ಗ ನಿಲ್ಲಿಸಿ ಹೊರಗೆ ಬಂದವನ ಆ ದಿನದ ಕೂಲಿ ಏನಾಗಬೇಕು? ತೀವ್ರ ಅಪಾಯದಿಂದ ದೂರ ಸರಿದ ಕಾರ್ಮಿಕನಿಗೆ ಅದರಿಂದ ತೊಂದರೆಯಾಗಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1981ರಲ್ಲೇ ಒಪ್ಪಂದ ಮಾಡಿತು. ಆ ಮಾತು ನಮ್ಮ ಗಿರಣಿಯ ಗೇಟಿಗೆ ಬರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಮೊದಲನೆಯದು, ಮಗ್ಗದ ಸದ್ದಿನಲ್ಲಿ ಫೋನು ಕೇಳಿಸದು. ಎಷ್ಟೋ ಕಡೆ ಫೋನನ್ನು ಗೇಟಿನಲ್ಲೇ ಇರಿಸಿಕೊಳ್ಳುತ್ತಾರೆ. ಹಾಗಿದ್ದ ಮೇಲೆ ಸರ್ಕಾರದ ಎಚ್ಚರಿಕೆ ಬಂದ ಕ್ಷಣವೇ ಶೆಡ್ಡಿನೊಳಗೆ ಸೈರನ್ ಕೂಗಬೇಕು, ಕಣ್ಣಿಗೆ ಬೀಳುವ ಕೆಂಪು ದೀಪ ಹೊತ್ತಬೇಕು. ವಿದ್ಯುತ್ ಹೋದರೂ ಅದು ನಡೆಯಬೇಕು.

ಎರಡನೆಯದು, ಕೂಗು ಕೇಳಿ ಹೊರಗೆ ಬಂದವರ ಪಾಳಿ ಕೂಲಿ ಕತ್ತರಿಸಕೂಡದು. ಸುಳ್ಳು ಕೂಗಿಗೆ ಉತ್ಪಾದನೆ ನಷ್ಟವಾಗುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಹತ್ತು ಸುಳ್ಳು ಕೂಗಿನ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬಹುದು. ಕೂಗದೆ ಉಳಿದ ಒಂದು ಕೂಗಿನ ನಷ್ಟವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

ಮೂರನೆಯದು, ಭಾಷೆ. ಜನರ ಆಡಳಿತ ಜನರ ಭಾಷೆಯಲ್ಲಿ ನಡೆಯಬೇಕೆಂದು ಡಾ. ಲೋಹಿಯಾ ಅವರು ಜೀವಮಾನವಿಡೀ ಹೋರಾಡಿದರು. ‘ರೆಡ್ ಅಲರ್ಟ್’ ಎಂದರೆ ಮುದುಕಿಗೆ ಏನು ತಿಳಿಯುತ್ತದೆ? ‘ಸಂಜೆಯೊಳಗೆ ಹೊಳೆ ಏರುತ್ತದೆ, ದನಕರು ಬಿಚ್ಚಿಕೊಂಡು ಶಾಲೆಯ ದಿಬ್ಬಕ್ಕೆ ಹೋಗಿ’ ಎಂದು ಹೇಳಬೇಕು. ಹೊರರಾಜ್ಯದಿಂದ ಬಂದ ಕೂಲಿಗಾರರಿಗೆ ಅವರ ಭಾಷೆಯಲ್ಲಿ ಹೇಳಬೇಕು.

ನಾಲ್ಕನೆಯದು, ಪೇಟೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿತು. ಸಾಲ ಮಾಡಿ ಮಾಲು ತಂದ ಕಿರಾಣಿ ಅಂಗಡಿಯವನಿಗೆ ಎರಡು ಗಂಟೆ ಮೊದಲು ಗೊತ್ತಾದರೆ ಚೀಲಗಳು ಅಟ್ಟ ಸೇರುತ್ತವೆ. ಗೊತ್ತಾಗದಿದ್ದರೆ ಸಾಲ ಮಾತ್ರ ಉಳಿಯುತ್ತದೆ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದ ಮಳೆಯನ್ನು ಅಳೆಯುತ್ತದೆ. ಸಿಡಿಲಿಗಾಗಿ ‘ಸಿಡಿಲು’ ಎಂಬ ಆ್ಯಪ್ ಕೂಡ ಇದೆ. ಆ ಲೆಕ್ಕ ಅಂಗಡಿಯ ಬಾಗಿಲಿಗೆ ಬರಬೇಕು. ಅಣೆಕಟ್ಟಿನಿಂದ ನೀರು ಬಿಡುವ ಮೊದಲೇ ಫೋನಿನಲ್ಲಿ ಮಾತ್ರವಲ್ಲ, ಪೇಟೆಯ ಧ್ವನಿವರ್ಧಕದಲ್ಲೂ, ಗುಡಿ ಮಸೀದಿ ಇಗರ್ಜಿಗಳ ಧ್ವನಿವರ್ಧಕದಲ್ಲೂ ಸಾರಬೇಕು. ಟವರು ಬಿದ್ದ ದಿನ ಕೆಲಸಕ್ಕೆ ಬರುವುದು ಅವೇ.

ಐದನೆಯದೇ ಎಲ್ಲಕ್ಕಿಂತ ಮುಖ್ಯ. ಸೈರನ್ನಿನ ಕೀಲಿಕೈ ಮ್ಯಾನೇಜರನ ಮೇಜಿನೊಳಗೆ ಇರಕೂಡದು. ಕಾರ್ಮಿಕರ ಪ್ರತಿನಿಧಿಗಳೂ ಇರುವ ಸಮಿತಿಯ ಕೈಯಲ್ಲಿರಬೇಕು. ಯಾವಾಗ ಕೂಗಿತು, ಯಾರು ನಿಲ್ಲಿಸಿದರು ಎಂಬುದನ್ನು ಬರೆದಿಡಬೇಕು. ಆ ಪುಸ್ತಕವನ್ನು ಯಾವ ಕಾರ್ಮಿಕ ಕೇಳಿದರೂ ತೋರಿಸಬೇಕು.

ಇವು ದಾನವಾಗಿ ಬರುವುದಿಲ್ಲ. ಸಂಘದ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಭತ್ಯೆ, ಬೋನಸ್ಸುಗಳ ಜೊತೆಗೆ ಇವನ್ನೂ ಬರೆಯಿರಿ. ವ್ಯಾಪಾರಿ ಮಿತ್ರರು ನಗರಸಭೆಯ ಸದಸ್ಯರನ್ನು ಕರೆದು ಕೇಳಲಿ: ನಮ್ಮ ಪೇಟೆಯ ಸೈರನ್ ಎಲ್ಲಿದೆ? ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಉತ್ತರ ಬರುವವರೆಗೆ ಕೇಳುವುದನ್ನು ಬಿಡಬೇಡಿ.