ಹಿಮ ಕಾಣದ ಊರಿನಲ್ಲಿ ಹಿಮದ ಪಾಠ



ನಾನು ಅಂಧೇರಿಯಲ್ಲಿ ಭಾನುವಾರಗಳಂದು ಪುಟ್ಟ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಒಂದು ದಿನ ಕಾಗುಣಿತದ ಪಾಠದಲ್ಲಿ ‘ಹಿ’ ಅಕ್ಷರಕ್ಕೆ ‘ಹಿಮ’ ಬಂತು. “ಹಿಮ ಅಂದ್ರೇನು ಟೀಚರ್?” ಎಂದರು ಮಕ್ಕಳು. ಹೇಗೆ ಹೇಳಲಿ? ನಮ್ಮ ಸಾಂತಾಕ್ರೂಜ್‌ನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.4 ಡಿಗ್ರಿ, ಅದೂ 1962ರ ಜನವರಿಯಲ್ಲಿ. ‘ಮಂಜು’ ಎನ್ನೋಣವೆಂದರೆ, ಕನ್ನಡದಲ್ಲಿ ಮಡಿಕೇರಿಯ ಬೆಳಗಿನದೂ ಮಂಜೇ, ಹಿಮಾಲಯದ್ದೂ ಮಂಜೇ!

ಹತ್ತಿ ಹಿಂಜಿ ಮೇಜಿನ ಮೇಲೆ ಹರಡಿದೆ. “ಹಿಮ ಹೀಗೇ ಇರುತ್ತದೆ, ಬೆಳ್ಳಗೆ, ಹಗುರವಾಗಿ” ಎಂದೆ. “ತಣ್ಣಗಿಲ್ಲವಲ್ಲ ಟೀಚರ್!” ಎಂದನೊಬ್ಬ.

ಆಗ ಹಿಂದಿನ ಸಾಲಿನಿಂದ, ಎಂದೂ ಬಾಯಿಬಿಡದ ಹುಡುಗಿಯೊಬ್ಬಳು “ನಮ್ಮಪ್ಪ ದಿನಾ ಹಿಮ ಮಾಡ್ತಾನ್ರಿ” ಎಂದಳು. ವಿಜಯಪುರದ ಕಡೆಯ ಕುಟುಂಬ. ತಂದೆಗೆ ಜುಹೂ ಚೌಪಾಟಿಯಲ್ಲಿ ಗೋಲಾ ಗಾಡಿ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. “ಅದು ಬರ್ಫ, ಹಿಮ ಅಲ್ಲ ಪುಟ್ಟಿ” ಎಂದೆ. ಅವಳು ತಲೆ ತಗ್ಗಿಸಿದಳು.

ಆ ತಗ್ಗಿದ ತಲೆ ಮನೆಗೆ ಬಂದರೂ ಕಣ್ಣಿಂದ ಮರೆಯಾಗಲಿಲ್ಲ. ರಾತ್ರಿ ಫ್ರಿಜ್ಜಿನ ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿದೆ. ಗಾಜಿನಂತಿದ್ದ ಐಸು ಪುಡಿಯಾಗುತ್ತಲೇ ಬೆಳ್ಳಗಾಯಿತು! ಹಿಮ ಬಿಳಿಯಾಗಿ ಕಾಣುವುದೂ ಹೀಗೆಯೇ. ಅದರ ಒಂದೊಂದು ಹರಳೂ ಪಾರದರ್ಶಕ. ರಾಶಿಯಾದಾಗ ಬೆಳಕು ಎಲ್ಲ ಕಡೆಗೂ ಚದುರಿ ಬಿಳಿಯಾಗಿ ಕಾಣುತ್ತದೆ. ವ್ಯತ್ಯಾಸ ಹುಟ್ಟಿನಲ್ಲಿದೆ. ಗೋಲಾ ಎಂದರೆ ನೀರು ಹೆಪ್ಪುಗಟ್ಟಿದ ಗಡ್ಡೆಯ ತುರಿ. ಹಿಮವೋ, ಮೋಡದೊಳಗೆ ನೀರಾವಿಯೇ ಆರು ಮೂಲೆಯ ಹರಳಾಗಿ ಬೆಳೆದು ಕೆಳಗಿಳಿಯುತ್ತದೆ. ಹತ್ತಿಗಿಂತ ಆ ಮಗುವಿನ ಉತ್ತರವೇ ಹಿಮಕ್ಕೆ ಹತ್ತಿರವಾಗಿತ್ತು.

ಮುಂದಿನ ಭಾನುವಾರ ಥರ್ಮಾಸಿನಲ್ಲಿ ಐಸು, ಚೀಲದಲ್ಲಿ ಲಟ್ಟಣಿಗೆ ಒಯ್ದೆ. “ಹೋದ ವಾರ ನಾನು ನಕ್ಕದ್ದು ತಪ್ಪು” ಎಂದು ಎಲ್ಲರೆದುರು ಹೇಳಿ ಅವಳನ್ನೇ ಮುಂದೆ ಕರೆದೆ. ಅವಳು ಕುಟ್ಟಿ, ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಹಾಕಿದಳು. “ಲಗೂ ನೋಡ್ರಿ, ಕರಗತೈತಿ!” ಎಂದಳು. ಆ ತರಗತಿಯಲ್ಲಿ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಹಿಮ ಮೋಡದಲ್ಲಿ ಹುಟ್ಟುವ ಕಥೆಯನ್ನು ಆಮೇಲೆ ಹೇಳಿದೆ. ಒದ್ದೆ ಅಂಗೈ ನೋಡಿಕೊಳ್ಳುತ್ತಲೇ ಕೇಳಿದರು.

ಸೋದರಿಯರೇ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಕಾಣದ್ದನ್ನು ಕಲಿಸುವ ಮೊದಲು “ನಿನಗೇನು ಗೊತ್ತು, ಹೇಳು” ಎಂದು ಕೇಳೋಣ. ಉತ್ತರ ಬಂದಾಗ ನಗುವುದು ಬೇಡ.