ಪೆಟ್ಟಿಗೆಯಲ್ಲಿಟ್ಟ ಕಿವಿ



ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಿಂದ ತಾವು ಇಂದು ಕೂಡಿರುವಿರಿ. ತೊಗರಿ ರಾಶಿ ಮುಗಿಸಿ, ಮೈಮೇಲಿನ ಧೂಳು ಝಾಡಿಸಿಕೊಂಡು ಬಂದವರೇ ಬಹಳ. ನಾವು ಇಂದು ಹೇಳಬೇಕೆಂದಿರುವದು ತಮ್ಮ ಜೊತೆ ಬಾರದೆ ಮನೆಯಲ್ಲೇ ಉಳಿದ ಮಕ್ಕಳ ಮಾತು. ಕಣ್ಣು ಕಾಣದ, ಕಿವಿ ಕೇಳದ, ಕಾಲು ನಡೆಯದ ಕೂಸಿಗೆ 'ಅದರ ಹಣೆಬರಹ' ಎಂದು ಕೈಬಿಡುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಹಣೆಯ ಬರಹ ಓದಿದವರು ಯಾರು? ಶಾಲೆಯ ಹಲಗೆಯ ಬರಹವನ್ನಾದರೂ ಓದಿಸೋಣ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ತಾವೆಲ್ಲ ಬಲ್ಲಿರಿ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯರು, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳಿಗೂ ಎಳವೆಯಲ್ಲೇ ದೃಷ್ಟಿ ಹೋಗಿತ್ತು; ಆದರೂ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದರು. ಜನ ಇದನ್ನು ಪವಾಡವೆನ್ನುತ್ತಾರೆ. ಪವಾಡವೆಂದು ಕೈಮುಗಿದರೆ ನಮ್ಮ ಕೆಲಸ ತಪ್ಪುತ್ತದಲ್ಲ! ಅವರಿಗೆ ಕಲಿಸುವ ಗುರು ಸಿಕ್ಕರು, ಕಲಿಯುವ ದಾರಿ ಸಿಕ್ಕಿತು.

ಆ ದಾರಿಗಳಲ್ಲಿ ಒಂದು ಬ್ರೈಲ್ ಲಿಪಿ. ಫ್ರಾನ್ಸಿನ ಲೂಯಿ ಬ್ರೈಲ್ ಎಂಬ ಅಂಧ ಬಾಲಕ 1824ರಲ್ಲಿ, ತನ್ನ 15ನೆಯ ವಯಸ್ಸಿಗೆ, ಉಬ್ಬು ಚುಕ್ಕೆಗಳಲ್ಲಿ ಅಕ್ಷರ ಹೊಂದಿಸಿದ. ಒಂದೊಂದು ಮನೆಗೆ ಆರೇ ಚುಕ್ಕೆ. ನಮ್ಮ ದೇಶದ ಭಾಷೆಗಳಿಗೆ 1951ರಲ್ಲಿ ಭಾರತಿ ಬ್ರೈಲ್ ಗೊತ್ತಾಯಿತು. ಕನ್ನಡದ 'ಕ'ಕ್ಕೂ ಮರಾಠಿಯ 'ಕ'ಕ್ಕೂ ಅದರಲ್ಲಿ ಒಂದೇ ಗುರುತು. ಆಳಂದದ ಗಡಿಯವರು ಇದನ್ನು ಗಮನಿಸಿರಿ: ಕಣ್ಣಿದ್ದವರಿಗೆ ಎರಡು ಲಿಪಿ, ಬೆರಳಿಗೆ ಒಂದೇ.

ಈಗ ಗಣಕಯಂತ್ರವೂ ಓದಿ ಹೇಳುತ್ತದೆ. ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶಕ್ಕೆ ದುಡ್ಡಿಲ್ಲ, ಕನ್ನಡವನ್ನೂ ಓದುತ್ತದೆ. ಆದರೆ ಮೇಷ್ಟ್ರು ಪ್ರಶ್ನೆಪತ್ರಿಕೆಯನ್ನು ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದರೆ ನಮ್ಮ ಕಣ್ಣಿಗೆ ಅದು ಶುದ್ಧ ಕನ್ನಡ, ಯಂತ್ರಕ್ಕೆ ಬರೀ ಗೊಂದಲ. ಯುನಿಕೋಡಿನಲ್ಲಿ ಬರೆದರೆ ಸಾಕು. ಖರ್ಚು ಏನೂ ಇಲ್ಲ, ಗೊತ್ತಿರಬೇಕು ಅಷ್ಟೆ.

ಇನ್ನು ಕಿವಿಯ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಯಾಕಂದರೆ ಶ್ರವಣಯಂತ್ರ ಬಂದ ಮನೆಯಲ್ಲೇ ಅದು ದೇವರ ಜಗಲಿಯ ಮೇಲೆ ಪೆಟ್ಟಿಗೆಯೊಳಗೆ ಇರುವದುಂಟು. 'ಹಾಕಿದರೆ ಅಳತಾನ್ರೀ' ಎನ್ನುತ್ತಾರೆ ತಾಯಂದಿರು. ಅಳಲಿಕ್ಕೆ ಕಾರಣವಿದೆ. ಕಿವಿಯೊಳಗೆ ಕೂಡುವ ಅಚ್ಚನ್ನು ಮಗು ಬೆಳೆದಂತೆ ಹೊಸದಾಗಿ ತೆಗೆಸಬೇಕು. ಹೋದ ವರ್ಷದ ಅಂಗಿ ಈ ವರ್ಷ ಹಿಡಿಯುವದೇ? ಸಡಿಲಾದರೆ ಸಿಳ್ಳು ಹಾಕುತ್ತದೆ. ಅದರ ಸಣ್ಣ ಬ್ಯಾಟರಿ ಒಂದೆರಡು ವಾರಕ್ಕೆ ತೀರುತ್ತದೆ. ನಮ್ಮ ಬಿಸಿಲಿನ ಬೆವರು, ಧೂಳು ಅದಕ್ಕೆ ವೈರಿ; ರಾತ್ರಿ ತೆಗೆದು ಒಣಗಿದ ಡಬ್ಬಿಯಲ್ಲಿಡಬೇಕು. ಮತ್ತೆ, ಯಂತ್ರ ಮೇಷ್ಟ್ರ ಮಾತನ್ನಷ್ಟೇ ದೊಡ್ಡದು ಮಾಡುವದಿಲ್ಲ. ಫ್ಯಾನಿನ ಸದ್ದು, ಪಕ್ಕದ ಕೋಣೆಯ ಮಗ್ಗಿ, ಎಲ್ಲವೂ ದೊಡ್ಡದಾಗುತ್ತವೆ. ಅದಕ್ಕೇ ಆ ಮಗುವನ್ನು ಮುಂದಿನ ಸಾಲಿನಲ್ಲಿ ಕೂಡ್ರಿಸಬೇಕು. ಮೇಷ್ಟ್ರು ಹಲಗೆಯ ಕಡೆ ಮುಖ ಮಾಡಿ ಪಾಠ ಹೇಳಿದರೆ ತುಟಿಯೂ ಕಾಣದು. ಮೇಷ್ಟ್ರ ಕೊರಳಲ್ಲಿ ಚಿಕ್ಕ ಮೈಕು, ಮಗುವಿನ ಕಿವಿಗೆ ನೇರ ಧ್ವನಿ, ಇಂಥ ಸಾಧನವೂ ಉಂಟು. ಅದು ತುಟ್ಟಿ. ಮುಖ ತಿರುಗಿಸಿ ನಿಲ್ಲುವದು ತುಟ್ಟಿಯಲ್ಲ.

ಕಾಲಿಲ್ಲದ ಮಕ್ಕಳಿಗೆ ಗಾಲಿಕುರ್ಚಿ ಕೊಟ್ಟು ಶಾಲೆಯ ಬಾಗಿಲಿಗೆ ಮೂರು ಮೆಟ್ಟಿಲು ಬಿಟ್ಟರೆ ಅದೇನು ಕೊಟ್ಟಂತಾಯಿತು, ತಾವೇ ಹೇಳಿರಿ.

ಇವು ಬೇಡಿ ಪಡೆಯುವ ವಸ್ತುಗಳಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ವಿಧದ ಅಂಗವೈಕಲ್ಯಗಳನ್ನು ಗುರುತಿಸಿದೆ. ನೂರಕ್ಕೆ 40 ಅಥವಾ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರವಿದ್ದ ವಿದ್ಯಾರ್ಥಿಗೆ 18 ವರ್ಷದ ವರೆಗೆ ಪುಸ್ತಕವನ್ನೂ ತಕ್ಕ ಸಾಧನವನ್ನೂ ಉಚಿತವಾಗಿ ಒದಗಿಸಲು ಕ್ರಮ ಕೈಕೊಳ್ಳಬೇಕೆಂದು ಸರಕಾರಕ್ಕೆ ಹೇಳಿದೆ. ದಾಸೋಹದ ಮನೆಯವರಾದ ನಾವು ಅನ್ನ ನೀಡುವಾಗ ಉಣ್ಣುವವನ ಎಲೆ ನೋಡಿ ನೀಡುತ್ತೇವೆ. ಸಾಧನವೂ ಹಾಗೆಯೇ ಮಗುವನ್ನು ನೋಡಿ ಬರಬೇಕು. ಅದಕ್ಕೆ ಮೊದಲು ಮಗುವನ್ನು ಹೊರಗೆ ಕರೆತರಬೇಕು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ತರಬೇತಾದ ಶಿಕ್ಷಕರ ವಿಚಾರ ಮಾಡಿರಿ, ತಪಾಸಣೆ ಶಿಬಿರದ ದಿನ ಕೇಳಿರಿ.

ಪ್ರಸಾದದ ಸಾಲಿಗೆ ಹೋಗುವ ಮುಂಚೆ ಅಂಥ ಮಕ್ಕಳ ತಾಯಿತಂದೆಗಳು ಬಾಗಿಲ ಬಳಿ ಹೆಸರು ಬರೆಸಿರಿ. ಮೂರೂ ತಾಲೂಕುಗಳಿಗೆ ಬೇರೆ ಬೇರೆ ವಹಿ ಇಟ್ಟಿದ್ದೇವೆ.